ಪೆರ್ಲದ ಮನೆಗೆ ಶೀಟು: ತಮ್ಮ ಕೇಳಿದ್ದಕ್ಕೆ

ತಮ್ಮಾ, ನಿನ್ನೆ ರಾತ್ರಿ ನೀನು ಮನೆಯವರ ಗ್ರೂಪಿನಲ್ಲಿ ಹಾಕಿದ ಮೆಸೇಜು ಈಗಷ್ಟೇ ನೋಡಿದೆ. ಚಿಕ್ಕಮ್ಮ ಒಬ್ಬರೇ ಇರುವ ಪೆರ್ಲದ ಮನೆಯ ಹಂಚು ಪೂರ್ತಿ ಇಳಿಸಿ ತಗಡಿನ ಶೀಟು ಹಾಕಿಸುವುದೋ ಬೇಡವೋ ಅಂತ ಕೇಳಿದ್ದೀಯ. ಅದರ ಕೆಳಗೆ ಮಾವ "ಶೀಟು ದನದ ಹಟ್ಟಿಗೆ ಸರಿ, ಮನೆಗಲ್ಲ" ಅಂದಿದ್ದಾರೆ. ಭಾವ "ಹಾಕಿಸಿಬಿಡು, ಒಂದು ವಾರದ ಕೆಲಸ" ಅಂದಿದ್ದಾರೆ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಅದಕ್ಕೆ ಮಾತಾಡಿಯೇ ಕಳಿಸುತ್ತೇನೆ. ಉದ್ದ ಆಗುತ್ತದೆ, ಕೈಗೆ ಏನಾದರೂ ಕೆಲಸ ಹಿಡಿದುಕೊಂಡು ಕೇಳಿ.

ಮೊದಲು ಮಾವನಿಗೆ. ಮಾವ, ಬೇಜಾರು ಮಾಡಬೇಡಿ. ಹಂಚು ಕೂಡ ನಮ್ಮ ಕಡೆಗೆ ಒಂದು ಕಾಲಕ್ಕೆ ಹೊಸದಾಗಿ ಬಂದದ್ದೇ ಅಲ್ವಾ? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1860ರ ದಶಕದಲ್ಲಿ. ಅದಕ್ಕೂ ಮೊದಲು ಹೆಚ್ಚಿನ ಕಡೆ ಮುಳಿಹುಲ್ಲು, ಸೋಗೆ. ಅಜ್ಜ ಮುಳಿಯ ಮಾಡು, ಅಂದರೆ ಛಾವಣಿ, ತೆಗೆಸಿ ಹಂಚು ಹೊದೆಸಿದಾಗಲೂ ಯಾರಾದರೂ ಜಗಲಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, "ಇನ್ನು ಸೆಕೆಗೆ ಮನೆಯೊಳಗೆ ಕೂರಲಿಕ್ಕಿಲ್ಲ" ಅಂದಿರುತ್ತಾರೆ. ನಾನು ಶೀಟಿನ ಪರ ಅಂತ ತಿಳಿಯಬೇಡಿ. ಪೂರ್ತಿ ಕೇಳಿ.

ತಮ್ಮಾ, ಹಂಚು ಒಳ್ಳೆಯದೇ. ಚಿಕ್ಕಮ್ಮನ ಮನೆಯ ಹಂಚು ಇವತ್ತಿಗೂ ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ತೊಂದರೆ ಇರುವುದು ಮಾಡಿಗೆ ಹತ್ತುವವರದ್ದು. ಮೊದಲೆಲ್ಲ ಏಪ್ರಿಲಿನಲ್ಲಿ ವಿಷು ಕಳೆದ ಕೂಡಲೇ ಇಬ್ಬರು ಬರುತ್ತಿದ್ದರು. ತರಗೆಲೆ ಗುಡಿಸಿ, ಒಡೆದ ಹಂಚು ಬದಲಿಸಿ, ಜಾರಿದ್ದನ್ನು ಮೇಲೆ ಕೂರಿಸಿ, ಸಂಜೆಗೆ ಕಾಪಿ ಕುಡಿದು ಹೋಗುತ್ತಿದ್ದರು. ಅವರಲ್ಲಿ ಒಬ್ಬರಿಗೆ ಈಗ ಮೊಣಕಾಲು ನೋವು, ಇನ್ನೊಬ್ಬರ ಮಕ್ಕಳು ಗಲ್ಫಿನಲ್ಲಿ. ಹೊಸ ಹುಡುಗರಿಗೆ ಹಂಚಿನ ಮೇಲೆ ಕಾಲಿಡಲು ಗೊತ್ತಿಲ್ಲ. ಎರಡು ಸರಿ ಮಾಡಲು ಹೋಗಿ ಆರು ಒಡೆದು ಬರುತ್ತಾರೆ. ಮಂಗಗಳಂತೂ ಹಿಂದಿನ ಹಲಸಿನ ಮರದಿಂದ ಸೀದಾ ಅಡುಗೆಮನೆಯ ಮೇಲೆ ಹಾರುತ್ತವೆ. ಕಳೆದ ಮಳೆಗಾಲದಲ್ಲಿ ನಾನು ಹೋದಾಗ ಚಿಕ್ಕಮ್ಮ ಒಲೆಯ ಪಕ್ಕ ಮೂರು ಪಾತ್ರೆ ಇಟ್ಟಿದ್ದರು. ನಿನಗೆ ಹೇಳಿರಲಿಕ್ಕಿಲ್ಲ. ನನ್ನ ಹತ್ತಿರವೂ ಹೇಳಬೇಡ ಅಂದಿದ್ದರು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮ ಕಾಸರಗೋಡು. ಅದರಲ್ಲಿ ಹೆಚ್ಚಿನದ್ದು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲೇ. ಎಪ್ಪತ್ತು ದಾಟಿದವರು ಒಬ್ಬರೇ ಇರುವ ಮನೆಯಲ್ಲಿ ಸೋರುವುದನ್ನು "ನೋಡೋಣ" ಅಂತ ಬಿಡಲಿಕ್ಕಾಗುವುದಿಲ್ಲ. ಅಷ್ಟರ ಮಟ್ಟಿಗೆ ಭಾವ ಹೇಳಿದ್ದು ಸರಿ.

ಆದರೆ ಒಂದು ವಾರದ ಕೆಲಸ ಅಂದರಲ್ಲ, ಅಲ್ಲಿ ನನಗೆ ನಗು ಬಂತು. ಕುಂಬಳೆಯಲ್ಲಿ ನಮ್ಮ ತಾರಸಿ ಸೋರುತ್ತದೆ ಅಂತ 2017ರಲ್ಲಿ ಮೇಲೆ ಟ್ರಸ್, ಅಂದರೆ ಕಬ್ಬಿಣದ ಪೈಪಿನ ಚೌಕಟ್ಟು ಕಟ್ಟಿ ಅದರ ಮೇಲೆ ಶೀಟು, ಹಾಕಿಸಿದೆವು. ಕೆಲಸದವರು ಬೇಗ ಮುಗಿಸಿದರು ನಿಜ. ಆಮೇಲಿನ ರಿಪೇರಿ ಕೆಲಸ ಇನ್ನೂ ಮುಗಿದಿಲ್ಲ.

ಮೊದಲನೆಯ ಎಡವಟ್ಟು ದಪ್ಪದ್ದು. ಮಾತಾಡಿದ್ದು 0.45 ಮಿಲಿಮೀಟರಿನ ಬಣ್ಣದ ಗಾಲ್ವಾಲ್ಯೂಮ್ ಶೀಟು. ಬಂದದ್ದು ಎಷ್ಟಿನದ್ದು ಅಂತ ಆಗ ಯಾರು ನೋಡಿದ್ದಾರೆ? ಕೆಲಸ ಮುಗಿದ ಮೇಲೆ ಮಗ ಉಳಿದ ತುಂಡನ್ನು ಕಾಲೇಜಿಗೆ ಒಯ್ದು ಸ್ಕ್ರೂಗೇಜಿನಲ್ಲಿ ಅಳೆದ. 0.35. ನೋಡಲು ಎರಡೂ ಒಂದೇ ತರ. ಆದರೆ ತೆಳು ಶೀಟು ಕಾಲಿಟ್ಟಲ್ಲಿ ತಗ್ಗುತ್ತದೆ, ತಗ್ಗಿದಲ್ಲಿ ನೀರು ನಿಲ್ಲುತ್ತದೆ. ಇನ್ನೊಂದು, ಅಂಗಡಿಯವರು ಹೇಳುವ ದಪ್ಪದಲ್ಲಿ ಮೇಲಿನ ಲೇಪ ಕೂಡ ಸೇರಿರುತ್ತದೆ. ಒಳಗಿನ ಉಕ್ಕು ಎಷ್ಟು, ಲೇಪ ಎಷ್ಟು ಅಂತ ಬೇರೆ ಬೇರೆ ಕೇಳಬೇಕು. ಗಾಲ್ವಾಲ್ಯೂಮ್ ಅಂದರೆ ಉಕ್ಕಿನ ಮೇಲೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪ. ನೂರರಲ್ಲಿ 55 ಪಾಲು ಅಲ್ಯೂಮಿನಿಯಂ. 150 ಗ್ರಾಮಿನ ಲೇಪ ಅಂದರೆ ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ ಅಷ್ಟು. ಬಿಲ್ಲಿನಲ್ಲಿ ಇದನ್ನು ಬರೆಸಿಕೋ. ಬಾಯಿಮಾತು ಬೇಡ.

ಎರಡನೆಯ ಎಡವಟ್ಟು ಗ್ರೈಂಡರಿನದ್ದು. ಶೀಟನ್ನು ಮೇಲೆಯೇ ಇಟ್ಟು ಗ್ರೈಂಡರಿನಲ್ಲಿ ಕತ್ತರಿಸಿದರು. ಕಿಡಿ ಹಾರಿದಲ್ಲೆಲ್ಲ ಬಣ್ಣ ಸುಟ್ಟಿತು. ಕಬ್ಬಿಣದ ಪುಡಿಯನ್ನು ಗುಡಿಸಲೂ ಇಲ್ಲ. ಮೊದಲ ಮಳೆಗೇ ಕೆಂಪು ಚುಕ್ಕಿ ಚುಕ್ಕಿ, ಮನೆಗೆ ಸಿಡುಬು ಬಂದ ಹಾಗೆ. ನಮ್ಮದು ಕಡಲ ಗಾಳಿ ಬೀಸುವ ಜಾಗ, ಕತ್ತರಿಸಿದ ಅಂಚಿನಿಂದ ತುಕ್ಕು ಒಳಗೆ ಒಳಗೆ ಹೋಯಿತು. ಪೆರ್ಲದಲ್ಲಿ ಆ ಉಪ್ಪಿನ ತೊಂದರೆ ನಿನಗಿಲ್ಲ. ಆದರೂ ತಗಡು ಕತ್ತರಿಸುವ ಕತ್ತರಿಯನ್ನೇ ಬಳಸಲು ಹೇಳು. ಅದಕ್ಕಿಂತ ಒಳ್ಳೆಯದು, ಮೇಲಿನ ತುದಿಯಿಂದ ಸೂರಿನವರೆಗೆ ಸರಿಯಾಗಿ ಅಳತೆ ತೆಗೆದು, ಅಷ್ಟೇ ಉದ್ದದ ಶೀಟು ಕಾರ್ಖಾನೆಯಿಂದಲೇ ಕತ್ತರಿಸಿ ತರಿಸುವುದು. ನಡುವೆ ಜೋಡಣೆಯೇ ಇಲ್ಲದಿದ್ದರೆ ಅಲ್ಲಿ ಸೋರುವ ಪ್ರಶ್ನೆಯೂ ಇಲ್ಲ.

ಮೂರನೆಯದ್ದಕ್ಕೆ ನಾನೇ ಕಾರಣ. ಗೋಡೆಗೆ ಶೀಟು ತಾಗುವಲ್ಲಿ ಸ್ವಲ್ಪ ಸಂದು ಕಂಡಿತು. "ಅಲ್ಲಿಗೆ ಸಿಮೆಂಟು ಮೆತ್ತಿಬಿಡಿ" ಅಂದೆ. ಹಸಿ ಸಿಮೆಂಟು ಈ ಅಲ್ಯೂಮಿನಿಯಂ ಲೇಪವನ್ನು ತಿಂದು ಹಾಕುತ್ತದೆ ಅಂತ ನನಗೇನು ಗೊತ್ತು? ಮೂರೇ ವರ್ಷದಲ್ಲಿ ಆ ಸಾಲು ಪೂರ್ತಿ ಜರಡಿ. ಅಲ್ಲಿಗೆ ಬೇಕಾದದ್ದು ತಗಡಿನದೇ ಮಡಿಕೆ ಪಟ್ಟಿ ಮತ್ತು ಸಿಲಿಕೋನ್ ಅಂಟು.

ಆಮೇಲೆ ತಾರಸಿ. ನಮ್ಮಲ್ಲಿ ಅಡಿಕೆ ಒಣಗಿಸುತ್ತಿದ್ದದ್ದು ಅಲ್ಲೇ. ಮಾಡು ಬಂದ ಮೇಲೆ ಬಿಸಿಲಿಲ್ಲ. ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆಗೆ, ನಲ್ವತ್ತು ದಿನ ಬಿಸಿಲು ಬೇಕು, ನಾವು ಬಟ್ಟೆ ಒಣಗಿಸುತ್ತಾ ಕೂತೆವು. ಇದು ನಿನ್ನ ಮನೆಗೆ ಅನ್ವಯಿಸುವುದಿಲ್ಲ, ಬಾಯಿಗೆ ಬಂತು, ಹೇಳಿದೆ.

ಈಗ ನಿನ್ನ ಮನೆ. ನನ್ನ ಲೆಕ್ಕ ಇಷ್ಟು: ಹಿಂದಿನ ಭಾಗಕ್ಕೆ, ಅಂದರೆ ಅಡುಗೆಮನೆ, ಬಚ್ಚಲು, ಕಟ್ಟಿಗೆ ಇಡುವ ಜಾಗಕ್ಕೆ, ಈ ವರ್ಷ ಶೀಟು ಹಾಕಿಸು. ಚಾವಡಿ ಮತ್ತು ಚಿಕ್ಕಮ್ಮ ಮಲಗುವ ಕೋಣೆಯ ಹಂಚು ಹಾಗೇ ಇರಲಿ. ಹಿಂದಿನಿಂದ ಇಳಿಸಿದ ಒಳ್ಳೆಯ ಹಂಚೆಲ್ಲ ಮುಂದಿನದ್ದಕ್ಕೆ ಬದಲಿಯಾಗಿ ಉಳಿಯುತ್ತದೆ. ಹಳೆ ಹಂಚು ಕೊಳ್ಳಲು ಜನ ಬರುತ್ತಾರೆ, ಟ್ರಸ್ಸಿನವನೂ "ನಾನೇ ಒಯ್ಯುತ್ತೇನೆ" ಅಂದಾನು. ಕೊಡಬೇಡ. ಕಡಿಮೆ ಅಂದರೂ ಇನ್ನೂರು ಹಂಚು ಹಟ್ಟಿಯ ಬದಿಗೆ ಪೇರಿಸಿ ಇಡು.

ಯಾಕೆ ಹೀಗೆ ಅಂತ ಕೇಳಬಹುದು. ಒಂದು, ಸದ್ದು. ಜೋರು ಮಳೆಗೆ ಶೀಟಿನ ಅಡಿಯಲ್ಲಿ ಕೂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ನೀನು ದಿನಾ ರಾತ್ರಿ ಎಂಟಕ್ಕೆ ಬೆಂಗಳೂರಿನಿಂದ ಫೋನು ಮಾಡುತ್ತೀಯಲ್ಲ, ಜುಲೈಯಲ್ಲಿ ಆ ಫೋನು ಚಿಕ್ಕಮ್ಮನಿಗೆ ಕೇಳಿಸಬೇಕಲ್ಲ. ಚಿಕ್ಕಮ್ಮ ಎತ್ತಲಿಲ್ಲ ಅಂತ ನೀನು ನನಗೆ ಮಾಡುವುದು, ನಾನು ಆ ಮಳೆಯಲ್ಲಿ ಆಚೆಮನೆಯವರನ್ನು ಓಡಿಸುವುದು. ಎರಡು, ಸೆಕೆ. ಹಂಚಿನ ಸಂದಿನಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಶೀಟಿನಲ್ಲಿ ಸಂದಿಲ್ಲ. ಅಡುಗೆಮನೆಯ ಎರಡೂ ತುದಿಯ ತ್ರಿಕೋನ ಗೋಡೆಯಲ್ಲಿ ಜಾಲರಿ ಬಿಡಿಸಿ ಗಾಳಿ ಆಡುವಂತೆ ಮಾಡು, ಬಣ್ಣ ತಿಳಿಯಾದದ್ದು ಇರಲಿ. ಹಂಚಿನ ಹಾಗೆ ಕಾಣಲಿ ಅಂತ ಕಡು ಕೆಂಪು ತಂದರೆ ಏಪ್ರಿಲಿನಲ್ಲಿ ಒಲೆಯೇ ಬೇಡ. ನಡುವೆ ಫೋಮ್ ಇರುವ ಪಫ್ ಪ್ಯಾನೆಲ್ ಸಿಗುತ್ತದೆ, ಸದ್ದು, ಸೆಕೆ ಎರಡೂ ಕಡಿಮೆ. ದುಡ್ಡು ಜಾಸ್ತಿ. ತುದಿ ಸರಿಯಾಗಿ ಮುಚ್ಚದಿದ್ದರೆ ಇಲಿ, ಇರುವೆ ಒಳಗೆ ಸಂಸಾರ ಹೂಡುತ್ತವೆ.

ಮೂರನೆಯದ್ದು ಗಾಳಿ, ಇದನ್ನು ಯಾರೂ ಹೇಳುವುದಿಲ್ಲ. ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ನಿನ್ನ ಹಿಂಭಾಗ ಸುಮಾರು 500 ಚದರಡಿ ಇದ್ದೀತು, ಅಲ್ಲಿನ ಹಂಚೆಲ್ಲ ಸೇರಿ 2 ಟನ್ನಿನ ಹತ್ತಿರ. ಅದೇ ಜಾಗಕ್ಕೆ ಶೀಟು 200 ಕಿಲೋ ಆಸುಪಾಸು. ಹಂಚಿನ ಮಾಡು ತನ್ನ ಭಾರಕ್ಕೇ ಕೂತಿರುತ್ತದೆ. ಶೀಟಿನದ್ದನ್ನು ನಾವು ಹಿಡಿದು ಕಟ್ಟಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಮಾಡಿನ ಪಶ್ಚಿಮದ ಮೂಲೆ ಪಟಪಟ ಬಡಿದುಕೊಂಡಿತು, ರಾತ್ರಿಯಿಡೀ ನಿದ್ದೆಯಿಲ್ಲ. ಕೆಂಪುಕಲ್ಲಿನ ಗೋಡೆಗೆ ಸುಮ್ನೆ ಎರಡು ಬೋಲ್ಟು ಹೊಡೆದರೆ ಹಿಡಿಯುವುದಿಲ್ಲ. ಗೋಡೆಯ ಮೇಲೆ ಒಂದು ಕಾಂಕ್ರೀಟ್ ಬೆಲ್ಟು ಹಾಕಿ, ಅದರಲ್ಲಿ ಪ್ಲೇಟು ಕೂರಿಸಿ, ಟ್ರಸ್ಸಿನ ಪೈಪನ್ನು ಅದಕ್ಕೆ ಕಟ್ಟಬೇಕು. ಭಾವನ ಒಂದು ವಾರ ಅಲ್ಲೇ ಹೋಯಿತು, ಕಾಂಕ್ರೀಟು ಗಟ್ಟಿಯಾಗಬೇಕಲ್ಲ. ಅಂಚಿನ ಸಾಲುಗಳಲ್ಲಿ ಸ್ಕ್ರೂ ಒತ್ತೊತ್ತಾಗಿ ಬರಲಿ. ನಮ್ಮ ಗಾಳಿ ಪಡುವಣದ್ದು. ಹಾಗಾಗಿ ಮೂಡುಗಡೆಯಿಂದ ಶೀಟು ಹಾಕುತ್ತಾ ಬರಬೇಕು, ಆಗ ಒಂದರ ಮೇಲೊಂದು ಕೂರುವ ಅಂಚಿನ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಸ್ಕ್ರೂ ಶೀಟಿನ ಏರಿನ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ಸೋರಲು ಶುರುವಾಗುವುದು ಹೆಚ್ಚಾಗಿ ಸ್ಕ್ರೂವಿನ ರಬ್ಬರ್ ವಾಷರಿನಿಂದ.

ಹಂಚು ಮತ್ತು ಶೀಟು ಸೇರುವಲ್ಲಿ ಶೀಟಿನ ತಲೆ ಹಂಚಿನ ಅಡಿಗೆ ಒಂದು ಅಡಿಯಷ್ಟು ನುಗ್ಗಬೇಕು. ಅಲ್ಲಿಗೂ ಯಾರಾದರೂ ಸಿಮೆಂಟು ತಂದರೆ ನನ್ನ ಹೆಸರು ಹೇಳಿ ಬೈ.

ಚಾವಡಿಯ ಪಕ್ಕಾಸು, ರೀಪು, ಅಂದರೆ ಹಂಚು ಹೊತ್ತಿರುವ ಮರದ ತೊಲೆ, ಪಟ್ಟಿ ನೋಡದೆ ಏನೂ ನಿರ್ಧರಿಸಬೇಡ. ವಿಷುವಿಗೆ ಬರುತ್ತೀಯಲ್ಲ, ಟಾರ್ಚು ಹಿಡಿದು ಅಟ್ಟಕ್ಕೆ ಹತ್ತು. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು, ಗೆದ್ದಲು ಹಿಡಿದಿದ್ದರೆ ಮೆತ್ತಗೆ ಒಳಗೆ ಹೋಗುತ್ತದೆ. ಹಾಳಾದ ಪಕ್ಕಾಸುಗಳ ಜಾಗಕ್ಕೆ ಸತು ಲೇಪಿಸಿದ ಕಬ್ಬಿಣದ ಜಿಐ ಪೈಪು ಕೊಟ್ಟು ಅದೇ ಹಂಚು ಮತ್ತೆ ಹೊದೆಸಬಹುದು. ಒಳಗಿನ ಹಲಸಿನ ಹಲಗೆಯ ಮುಚ್ಚಿಗೆಯನ್ನು ಮುಟ್ಟಲು ಬಿಡಬೇಡ, ಅಷ್ಟು ಅಗಲದ ಹಲಗೆ ಈಗ ಎಲ್ಲಿ ಸಿಗುತ್ತದೆ?

ಶೀಟಿನ ಸೂರಿಗೆ ನೀರು ಹಿಡಿಯುವ ದಂಬೆ ಕಟ್ಟಿಸು. 500 ಚದರಡಿ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೂ 450 ಲೀಟರಿಗಿಂತ ಜಾಸ್ತಿ ನೀರು. ಹಿಂದೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಮಾರ್ಚಿಗೇ ನೂಲಿನಷ್ಟು ಸಪೂರ ಆಗುತ್ತದೆ ಅಂತ ಚಿಕ್ಕಮ್ಮ ಹೇಳುತ್ತಿದ್ದರು. ಮೊದಲ ಎರಡು ಮಳೆಯದ್ದನ್ನು ತೋಟಕ್ಕೆ ಬಿಟ್ಟು, ಉಳಿದದ್ದನ್ನು ಬಾವಿ ಪಕ್ಕದ ಇಂಗುಗುಂಡಿಗೆ ತಿರುಗಿಸಬಹುದು.

ಮಾಡಿನ ಎತ್ತರ, ಆಕಾರ ಬದಲಾಗುವುದಾದರೆ ಮೊದಲೇ ಪಂಚಾಯತಿನ ಓವರ್ಸಿಯರನ್ನು ಕೇಳು. ಮಳೆಗಾಲಕ್ಕೆ ಮೊದಲು, ಮೇ ಕೊನೆಯ ಪತ್ತನಾಜೆಯ ಒಳಗೆ ಮುಗಿಸುವ ಹಾಗಿದ್ದರೆ ಮಾತ್ರ ಹಂಚಿಗೆ ಕೈ ಹಾಕಿಸು. ಮಾಡು ಬಿಚ್ಚಿ ಹಾಕಿ ಕೆಲಸದವರು ಬೇರೆ ಕಡೆ ಹೋದರೆ, ಟಾರ್ಪಾಲಿನ ಅಡಿಯಲ್ಲಿ ಚಿಕ್ಕಮ್ಮನನ್ನು ಕೂರಿಸಲಿಕ್ಕಾಗುತ್ತದಾ? ಕೆಲಸ ಆಗುವಷ್ಟು ದಿನ ಇಲ್ಲಿಗೆ ಕಳಿಸು. ಬರುವುದಿಲ್ಲ ಅನ್ನುತ್ತಾರೆ, ದನಕ್ಕೆ ಯಾರು ಅನ್ನುತ್ತಾರೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅಯ್ಯೋ, ಹಾಲು ಉಕ್ಕಿತು ಅಂತ ಕಾಣುತ್ತದೆ. ತಮ್ಮಾ, ಟ್ರಸ್ಸಿನವನು ಕೊಟ್ಟ ಎಸ್ಟಿಮೇಟು ಚೀಟಿಯ ಫೋಟೋ ಹಾಕು. ಚೀಟಿಯ ಹಿಂದಿನ ಬದಿಯದ್ದೂ.