ಸಹಾಯ ಬೇಕು: ಬ್ಯಾಟರಿ ಸೋಲಾರ್‌ಗೆ ಅರ್ಥಿಂಗ್ ತಂತಿ ಎಷ್ಟು ದಪ್ಪ ಇರಬೇಕು?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಸೋಲಾರ್ ಹಾಕಿಸುತ್ತಿದ್ದೇವೆ. 5 ಕೆವಿಎ ಇನ್ವರ್ಟರ್, 48 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಸಾಲು. ಬ್ಯಾಟರಿಯಿಂದ ಇನ್ವರ್ಟರ್‌ಗೆ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ನಡುವೆ 150 ಆಂಪಿಯರ್ ಫ್ಯೂಸ್. ಪ್ಯಾನೆಲ್ ಕಡೆಯಿಂದ ಬರುವುದು ಬರೀ 4 ಸ್ಕ್ವೇರ್ ಎಂಎಂ.

ಎಲೆಕ್ಟ್ರಿಷಿಯನ್ ಎಲ್ಲಾ ಕಡೆಗೂ 4 ಸ್ಕ್ವೇರ್ ಎಂಎಂ ಹಸಿರು ಅರ್ಥಿಂಗ್ ತಂತಿ ಸಾಕು ಅಂತಾರೆ. ಅಂಗಡಿಯವರದ್ದೂ ಅದೇ ಮಾತು. ಇನ್ವರ್ಟರ್ ಕೈಪಿಡಿಯಲ್ಲಿ ಬ್ಯಾಟರಿ ಮೈನಸ್ ಅನ್ನು ಒಂದು ಕಡೆ, ಅರ್ಥ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿಯಾದ ಅರ್ಥ್ ಬಾರ್‌ಗೆ ಸೇರಿಸಿ ಎಂದಿದೆ, ಅಳತೆ ಮಾತ್ರ ಕೊಟ್ಟಿಲ್ಲ.

ನನ್ನ ಭಯ ಇಷ್ಟೇ. ಪ್ಲಸ್ ಕೇಬಲ್‌ನ ರಬ್ಬರ್ ಸವೆದು ಕಬ್ಬಿಣದ ಬ್ಯಾಟರಿ ಸ್ಟ್ಯಾಂಡಿಗೆ ತಾಗಿತು ಅಂದ್ಕೊಳ್ಳಿ. ಆಗ ಕರೆಂಟು ಬರುವುದು ಪ್ಯಾನೆಲ್‌ನಿಂದಲ್ಲ, ಬ್ಯಾಟರಿಯಿಂದ ಅಲ್ವಾ? ಅದು ಸಾವಿರ ಆಂಪಿಯರ್ ದಾಟಬಹುದು. ಅಷ್ಟೂ ಹರಿಯುವುದು ಈ ಹಸಿರು ತಂತಿಯಲ್ಲೇ. ಫ್ಯೂಸ್ ಹೋಗುವ ಮೊದಲು ತಂತಿಯೇ ಕೆಂಪಗಾದರೆ? ಪಕ್ಕದಲ್ಲೇ ಒಣ ಅಡಿಕೆ ಮೂಟೆಗಳಿರುತ್ತವೆ.

ಅರ್ಥಿಂಗ್‌ಗೆ ಇರುವ ಭಾರತೀಯ ಮಾನದಂಡ ಐಎಸ್ 3043ರ ಪಟ್ಟಿಯ ಲೆಕ್ಕದಲ್ಲಿ ಮುಖ್ಯ ತಂತಿ 16 ಸ್ಕ್ವೇರ್ ಎಂಎಂವರೆಗೆ ಇದ್ದರೆ ಅರ್ಥ್ ತಂತಿಯೂ ಅಷ್ಟೇ, 16ರಿಂದ 35ರವರೆಗೆ ಇದ್ದರೆ 16 ಸಾಕು. ಆದರೆ ಆ ಪಟ್ಟಿ ಬ್ಯಾಟರಿಯ ಡಿಸಿ (ಒಂದೇ ದಿಕ್ಕಿನ) ಕರೆಂಟಿಗೂ ಹಾಗೇ ಹೊಂದುತ್ತದಾ ಅನ್ನೋದೇ ಗೊಂದಲ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸ್ಟ್ಯಾಂಡ್, ಇನ್ವರ್ಟರ್ ಬಾಡಿ ಮತ್ತು ಬ್ಯಾಟರಿ ಮೈನಸ್‌ನಿಂದ ಅರ್ಥ್ ಬಾರ್‌ಗೆ 16 ಸ್ಕ್ವೇರ್ ಎಂಎಂ ತಾಮ್ರ ಸಾಕಾ, ಇಲ್ಲಾ 35 ಅನ್ನೇ ಎಳೆಸಬೇಕಾ?