ತಲೆ, ಒಂದು ಕಾಲು ಮಾತ್ರ ಹೊರಗೆ. ಕುರಿ ಒದ್ದಾಡ್ತಿದೆ, ಬೇಗ ಹೇಳಿ

ಹೆಸರಘಟ್ಟ_ರೊಪ್ಪ | ರಾತ್ರಿ 11.10

ಹೆಸರಘಟ್ಟದ ಹತ್ತಿರ ನಮ್ಮದೊಂದು ಸಣ್ಣ ರೊಪ್ಪ, 11 ಕುರಿ. ನಾರಿ ಸುವರ್ಣ ತಳಿಯ ಕುರಿಯೊಂದು ಈಯುತ್ತಿದೆ, ಚೊಚ್ಚಲು. 10.20ಕ್ಕೆ ನೀರುಚೀಲ ಒಡೆಯಿತು. ಈಗ ಮರಿಯ ಮೂತಿ ಮತ್ತು ಒಂದೇ ಗೊರಸು ಕಾಣುತ್ತಿದೆ. ಮುಕ್ಕುತ್ತಲೇ ಇದೆ, ಒಂದಿಂಚೂ ಮುಂದೆ ಬರುತ್ತಿಲ್ಲ. ಮರಿಯ ನಾಲಿಗೆ ಹೊರಗೆ ಬಂದು ನೀಲಿಯಾಗಿದೆ. ಸತ್ತಿರಬಹುದಾ? ನಮ್ಮ ಡಾಕ್ಟರ್ ಫೋನ್ ಎತ್ತುತ್ತಿಲ್ಲ. ಕಾಲು ಹಿಡಿದು ಎಳೆದುಬಿಡಲಾ? ಅತ್ತಿಗೆಯ ಕೈ ಸಣ್ಣದು, ಅವರನ್ನೇ ಕರೆಯೋಣ ಅಂತಿದ್ದೇನೆ. ಅವರಿಗೂ ಈಗ ಆರು ತಿಂಗಳು.

ಕಂಬಳಿ_ಹೆಗಲು | 11.14

ಎಳೆಯಬೇಡಿ. ಅತ್ತಿಗೆಯನ್ನು ರೊಪ್ಪದ ಹತ್ತಿರಕ್ಕೂ ಬಿಡಬೇಡಿ. ಕುರಿ ಈಯುವಾಗ ಬರುವ ನೀರು, ಕಸದಲ್ಲಿ (ಮಾಸು) ಬ್ರುಸೆಲ್ಲಾದಂಥ ರೋಗಾಣು ಇರಬಹುದು, ಬಸುರಿಯರಿಗೆ ಅದು ಬಹಳ ಅಪಾಯ. ನೀವೂ ಗ್ಲೌಸ್ ಹಾಕಿಯೇ ಕೈ ಇಡಿ.

ನಾಲಿಗೆ ನೀಲಿಯಾದರೆ ಸತ್ತಿದೆ ಅಂತ ಅಲ್ಲ. ಗೊರಸಿನ ಸಂದಿಯನ್ನು ಚಿವುಟಿ ನೋಡಿ, ಕಾಲು ಎಳೆದುಕೊಂಡರೆ ಜೀವ ಇದೆ.

ಮರಿ ಸರಿಯಾಗಿ ಬಂದರೆ ಎರಡು ಮುಂಗಾಲು, ಅದರ ಮೇಲೆ ತಲೆ, ಕೆರೆಗೆ ಧುಮುಕುವ ಹುಡುಗನ ಹಾಗೆ. ನಿಮ್ಮದಕ್ಕೆ ಒಂದು ಕಾಲು ಹಿಂದಕ್ಕೆ ಮಡಚಿಕೊಂಡು ಭುಜ ಅಡ್ಡ ನಿಂತಿದೆ. ಎಳೆದಷ್ಟೂ ಬಿಗಿಯಾಗುತ್ತದೆ.

ಉಗುರು ಕತ್ತರಿಸಿ, ಉಂಗುರ ತೆಗೆಯಿರಿ. ಕುರಿಯ ಹಿಂಭಾಗ ಸೋಪು ನೀರಲ್ಲಿ ತೊಳೆಯಿರಿ. ಲಿಕ್ವಿಡ್ ಪ್ಯಾರಫಿನ್ ಇದ್ದರೆ ಕೈಗೆ ಧಾರಾಳವಾಗಿ ಹಚ್ಚಿ. ಹೊರಗಿರುವ ಕಾಲಿಗೆ ಮೆತ್ತನೆ ಹತ್ತಿ ಹಗ್ಗದ ಕುಣಿಕೆ ಹಾಕಿಡಿ, ಒಳಗೆ ಜಾರಿದರೆ ಮತ್ತೆ ಹುಡುಕುವ ಗೋಳು ಬೇಡ. ಯಾರಾದರೂ ಕುರಿಯ ಹಿಂಭಾಗವನ್ನು ಸ್ವಲ್ಪ ಎತ್ತಿ ಹಿಡಿಯಲಿ, ಒಳಗೆ ಜಾಗ ಸಿಗುತ್ತದೆ.

ಈಗ ಮುಖ್ಯವಾದದ್ದು. ನಾರಿ ಸುವರ್ಣ ಅಂದರೆ ಅವಳಿ ಸಾಮಾನ್ಯ, ಆ ಗುಣ ಬಂಗಾಳದ ಗ್ಯಾರೋಲ್ ಕುರಿಯಿಂದ ಬಂದದ್ದು. ಹಾಗಾಗಿ ಕಾಣುತ್ತಿರುವ ಕಾಲು ಇದೇ ಮರಿಯದ್ದಾ ಅಂತ ಮೊದಲು ನೋಡಿ. ಬೆರಳನ್ನು ಕಾಲಿನಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ತಲೆಗೆ ಹಾಯಿಸಿ. ನಡುವೆ ಕೊಂಡಿ ತಪ್ಪಿದರೆ ಅದು ಇನ್ನೊಂದರ ಕಾಲು. ಅವಸರದಲ್ಲಿ ಎರಡು ಮರಿಯನ್ನು ಒಟ್ಟಿಗೆ ಎಳೆದು ತಾಯಿಯನ್ನೂ ಕಳೆದುಕೊಂಡವನು ನಾನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇದೇ ಮರಿಯದ್ದಾದರೆ, ಮುಕ್ಕುವುದು ನಿಂತ ಕ್ಷಣ ನೋಡಿ ತಲೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ. ಮುಕ್ಕುವಾಗ ತಳ್ಳಬೇಡಿ. ಭುಜದಿಂದ ಕೆಳಗಿಳಿದು ಮಂಡಿ ಹುಡುಕಿ, ಬೆರಳಲ್ಲಿ ಕೊಕ್ಕೆ ಹಾಕಿ ಮುಂದಕ್ಕೆ ತನ್ನಿ. ಆಮೇಲೆ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೇರ ಮಾಡಿ. ಗೊರಸು ಗರ್ಭಕೋಶಕ್ಕೆ ತಾಗಿದರೆ ಹರಿದುಹೋಗುತ್ತದೆ.

ಎರಡೂ ಕಾಲು ಬಂದ ಮೇಲೆ ಎಳೆಯಿರಿ, ಅದೂ ಅದು ಮುಕ್ಕಿದಾಗ ಮಾತ್ರ. ನೇರ ಹಿಂದಕ್ಕಲ್ಲ, ಕೆಚ್ಚಲಿನ ಕಡೆಗೆ ಬಾಗಿಸಿ.

ದೊಡ್ಡಬಳ್ಳಾಪುರದ_ಹಟ್ಟಿ | 11.19

ನಮ್ಮಜ್ಜಿ ಒಂದು ಲೋಟ ಹರಳೆಣ್ಣೆ ಕುಡಿಸುತ್ತಿದ್ದರು. ಇಲ್ಲಾಂದ್ರೆ ಮೆಡಿಕಲ್ ಶಾಪಲ್ಲಿ ಆಕ್ಸಿಟೋಸಿನ್ (ಗರ್ಭಕೋಶ ಹಿಂಡಿಸುವ ಮದ್ದು) ಕೇಳಿ, ಒಂದೇ ಇಂಜೆಕ್ಷನ್‌ಗೆ ಹೊರಗೆ ಬರುತ್ತದೆ.

ಕಂಬಳಿ_ಹೆಗಲು | 11.21

ಎರಡೂ ಬೇಡ. ಮಲಗಿ ಮುಕ್ಕುತ್ತಿರುವ ಕುರಿಗೆ ಎಣ್ಣೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ದಾರಿ ಮುಚ್ಚಿಕೊಂಡಿರುವಾಗ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶವೇ ಒಡೆಯಬಹುದು. ಕೊಡಬೇಕಾ ಬೇಡವಾ ಅಂತ ಡಾಕ್ಟರ್ ಹೇಳಲಿ.

ಹೆಸರಘಟ್ಟದವರೇ, 1962ಕ್ಕೆ ಫೋನ್ ಮಾಡುತ್ತಾ ಇರಿ, ಅದು ಪಶು ಸಹಾಯವಾಣಿ. ಗಡಿಯಾರ ನೋಡಿಕೊಳ್ಳಿ: ಒಳಗೆ ಕೈ ಹಾಕಿ 20 ನಿಮಿಷದಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಿ, ಗಾಡಿಗೆ ಹಾಕಿಕೊಂಡು ಯಾವ ಡಾಕ್ಟರ್ ಸಿಗುತ್ತಾರೋ ಅಲ್ಲಿಗೆ ಹೋಗಿ. ಅಲ್ಲಿಂದಾಚೆ ಸಿಸೇರಿಯನ್ ಮಾತು, ಕೈಗೆ ಸಿಗುವುದಲ್ಲ.

ಹೆಸರಘಟ್ಟ_ರೊಪ್ಪ | 11.52

ಬಂತು! ಜೀವ ಇದೆ! ಕಾಲು ಇದೇ ಮರಿಯದ್ದೇ. ಎರಡು ಸಲ ಕೈ ಜಾರಿತು, ಮೂರನೇ ಸಲ ಮಂಡಿ ಸಿಕ್ಕಿತು. ಮುಖ ಊದಿ ಬದನೆಕಾಯಿ ಆಗಿದೆ. ಮೂಗು ಒರೆಸಿ, ಹುಲ್ಲುಕಡ್ಡಿ ತೂರಿಸಿದೆ, ಸೀನಿತು. ಗೋಣಿಯಲ್ಲಿ ಉಜ್ಜಿ ತಾಯಿ ಮುಂದೆ ಇಟ್ಟಿದ್ದೇನೆ, ನೆಕ್ಕುತ್ತಿದೆ. ಆದರೆ ಇನ್ನೂ ಎರಡು ಗೊರಸು ಕಾಣುತ್ತಿವೆ. ಅಂಗಾಲು ಮೇಲ್ಮುಖ.

ಕಂಬಳಿ_ಹೆಗಲು | 11.54

ಹಿಂಗಾಲಿರಬೇಕು. ಖಚಿತ ಮಾಡಿಕೊಳ್ಳಿ: ಮುಂಗಾಲಿನಲ್ಲಿ ಗೊರಸಿನ ಮೇಲಿನ ಎರಡೂ ಕೀಲು ಒಂದೇ ಕಡೆ ಮಡಚುತ್ತವೆ, ಹಿಂಗಾಲಿನಲ್ಲಿ ಒಂದರ ವಿರುದ್ಧ ಇನ್ನೊಂದು. ಹಿಂಗಾಲಾದರೆ ತಿರುಗಿಸಲು ಹೋಗಬೇಡಿ, ಹಾಗೇ ಬರುತ್ತದೆ. ಸೊಂಟದವರೆಗೆ ನಿಧಾನ. ಸೊಂಟ ದಾಟಿದ ಮೇಲೆ ತಡ ಮಾಡಬೇಡಿ, ಹೊಕ್ಕುಳ ಬಳ್ಳಿ ಒತ್ತಿಹೋಗಿ ತಲೆ ಒಳಗಿರುವಾಗಲೇ ಮರಿ ಉಸಿರೆಳೆಯಬಹುದು.

ಹೆಸರಘಟ್ಟ_ರೊಪ್ಪ | ಬೆಳಗ್ಗೆ 6.40

ಎರಡೂ ಬದುಕಿವೆ. ಕಸ 3 ಗಂಟೆಗೆ ಬಿತ್ತು. ಹೊಕ್ಕುಳಿಗೆ ಅಯೋಡಿನ್ ಅದ್ದಿದೆ. ಡಾಕ್ಟರ್ 6ಕ್ಕೆ ಫೋನ್ ಎತ್ತಿದರು, ಒಳಗೆ ಕೈ ಹಾಕಿದ್ದಕ್ಕೆ ಆಂಟಿಬಯೋಟಿಕ್ ಬೇಕು, ಬರುತ್ತೇನೆ ಅಂದರು. ಅತ್ತಿಗೆ ಕಿಟಕಿಯಿಂದಲೇ ನೋಡಿ ಮುನಿಸಿಕೊಂಡಿದ್ದಾರೆ.

ಊದಿದ ಮುಖದ ಮರಿ ಚೀಪುತ್ತಲೇ ಇಲ್ಲ. ರಾತ್ರಿ ಒಂದಿಷ್ಟು ಗಿಣ್ಣು ಬಾಟಲಿಯಲ್ಲಿ ಕುಡಿಸಿದೆ, ಎಷ್ಟು ಅಂತ ಅಳೆದಿಲ್ಲ.

ಕಂಬಳಿ_ಹೆಗಲು | 6.48

ನಾಲಿಗೆಯ ಊತ ಇಳಿಯುವವರೆಗೆ ಚೀಪಲಾರದು. ತಾಯಿಯ ಗಿಣ್ಣನ್ನೇ ಕರೆದು ಬಾಟಲಿಯಲ್ಲಿ ಕೊಡಿ. ಒಂದು ಸಲಕ್ಕೆ ಕೆಜಿಗೆ 50 ಮಿಲಿ, ಮೊದಲ ದಿನ ನಾಲ್ಕು ಸಲ. ಬಾಯೊಳಗೆ ಬೆರಳಿಟ್ಟು ನೋಡಿ, ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು. ಮರಿಯ ತೂಕ ಎಷ್ಟು?

ಹೆಸರಘಟ್ಟ_ರೊಪ್ಪ | 7.05

ಬಾಯಿ ಬೆಚ್ಚಗಿದೆ. ತರಕಾರಿ ತಕ್ಕಡಿಯಲ್ಲಿ ಇಟ್ಟೆ, 2 ಕೆಜಿ 100. ಅಂದರೆ 105 ಮಿಲಿ. ಕರೆಯೋಕೆ ಹೋಗ್ತಿದ್ದೇನೆ.