ಇನ್‌ಸ್ಪೆಕ್ಟರೂ ಕಂಟ್ರಾಕ್ಟರೂ ‘ಕೈಜೋಡಿಸಿದರೆ’: ಒಳ್ಳೆಯ ಅರ್ಥ ಬರುವ ಮಾತು ಬೇಕಿದೆ

ಗೆಳೆಯರೇ,

ಕಟ್ಟಡ ಕೆಲಸಗಾರರ ಸುರಕ್ಷತೆ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆಯ ಸಣ್ಣ ಕಂಟ್ರಾಕ್ಟರುಗಳಿಗೆ, ಮೇಸ್ತ್ರಿಗಳಿಗೆ ಹಂಚುವುದಕ್ಕೆ. ಅದರ ತಿರುಳು ಇಷ್ಟೇ: ತಪಾಸಣೆಗೆ ಬರುವ ಸರ್ಕಾರದವರೂ ಕಂಟ್ರಾಕ್ಟರೂ ಕಳ್ಳ-ಪೊಲೀಸ್ ಆಟ ಬಿಟ್ಟು ಸೇರಿ ಕೆಲಸ ಮಾಡಿದರೆ ಸೈಟಿನಲ್ಲಿ ಸಾವು-ನೋವು ಕಡಿಮೆಯಾಗುತ್ತದೆ. ಈ ‘ಸೇರಿ ಕೆಲಸ ಮಾಡುವುದು’ ಅನ್ನುವುದಕ್ಕೆ ಯಾವ ಪದ ಹಾಕಲಿ ಅನ್ನುವುದೇ ನನ್ನ ಪ್ರಶ್ನೆ.

‘ಅಧಿಕಾರಿಗಳ ಮತ್ತು ಗುತ್ತಿಗೆದಾರರ ಹೊಂದಾಣಿಕೆ’ ಅಂತ ಬರೆದು ಬೋಗಾದಿ ಕಡೆಯ ಒಬ್ಬ ಮೇಸ್ತ್ರಿಗೆ ತೋರಿಸಿದೆ. ಅವರು ನಕ್ಕುಬಿಟ್ಟರು. “ಇದನ್ನ ಬೇರೆ ಪುಸ್ತಕ ಮಾಡಿ ಹೇಳ್ಕೊಡಬೇಕಾ ಸಾರ್?” ಅಂದರು.

ಅವರು ನಕ್ಕಿದ್ದು ಸರಿಯೇ. ಗಂಡ-ಹೆಂಡತಿ ನಡುವೆ ಹೊಂದಾಣಿಕೆ ಅಂದರೆ ಒಳ್ಳೆಯ ಮಾತು. ಅಧಿಕಾರದ ಹತ್ತಿರ ಬಂದ ಕೂಡಲೇ ಅದು ‘ಹೊಂದಾಣಿಕೆ ರಾಜಕಾರಣ’. ‘ಕೈಜೋಡಿಸು’ ಕೂಡ ಹಾಗೇ. ಗುತ್ತಿಗೆದಾರರ ಜೊತೆ ಕೈಜೋಡಿಸಿದ ಅಧಿಕಾರಿ ಅಂತ ಪೇಪರಿನಲ್ಲಿ ಕಂಡರೆ, ಮುಂದಿನ ಸಾಲಿನಲ್ಲಿ ಲೋಕಾಯುಕ್ತ ಬಂದೇ ಬರುತ್ತದೆ ಅಂತ ಕಾಯುತ್ತೇವೆ. ಶಾಮೀಲು ಪಾಪ, ಅರಬ್ಬಿ ಮೂಲದಲ್ಲಿ ಅದಕ್ಕೆ ‘ಒಳಗೊಂಡ’ ಅನ್ನುವ ಅರ್ಥವಷ್ಟೇ. ನಮ್ಮಲ್ಲಿ ಬಂದು ಪೂರ್ತಿ ಕೆಟ್ಟಿತು.

ಉಳಿದದ್ದು ‘ಸಹಕಾರ’. ಸರ್ಕಾರಿ ಕನ್ನಡದಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ. ಮಂಡ್ಯದ ಹಳ್ಳಿಯಲ್ಲಿ ಸಹಕಾರ ಅಂದರೆ ಡೈರಿ, ಸೊಸೈಟಿ, ಸಾಲ. ಅದೇನೂ ತೊಂದರೆಯಿಲ್ಲ ಬಿಡಿ. ತೊಂದರೆ ಇರುವುದು ಬೋರ್ಡುಗಳಲ್ಲಿ. ‘ಕಾಮಗಾರಿ ಪ್ರಗತಿಯಲ್ಲಿದೆ, ಸಾರ್ವಜನಿಕರು ಸಹಕರಿಸಿ’ ಅಂದರೆ ಏನು? ಧೂಳು ಕುಡಿದುಕೊಂಡು ಸುಮ್ನೆ ಇರಿ ಅಂತ. ಹೀಗೆ ಓದಿ ಓದಿ ‘ಸಹಕರಿಸು’ ಅಂದರೆ ಬಾಯಿ ಮುಚ್ಚಿಕೊಂಡು ತಾಳಿಕೋ ಅನ್ನುವ ಅರ್ಥ ಕೂತಿದೆ. ಸುರಕ್ಷತೆ ವಿಷಯದಲ್ಲಿ ಇದಕ್ಕಿಂತ ಅಪಾಯದ ಅರ್ಥ ಬೇರೆ ಇಲ್ಲ.

ಸ್ನೇಹಿತರೊಬ್ಬರು ‘ಮುಯ್ಯಾಳು’ ಇದೆಯಲ್ಲ, ಎಂಥ ಚೆಂದದ ಪದ ಅಂದರು. ಚೆಂದವೇನೋ ಹೌದು. ಆದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನುವ ಲೆಕ್ಕ ತಪಾಸಣೆಗೆ ಹೊಂದುವುದಿಲ್ಲ. ಮುಯ್ಯಿ ತೀರಿಸುವುದೇ ಅಲ್ವಾ ಅಲ್ಲಿನ ರೋಗ!

ಎರಡನೆಯ ತೊಡಕು ಅಧಿಕಾರಿಯ ಹೆಸರಿನದು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 13 ಹಳೆಯ ಕಾಯ್ದೆಗಳನ್ನು ಒಟ್ಟು ಮಾಡಿದ ಕಾನೂನು ಅದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ಅದರೊಳಗೆ ಸೇರಿದೆ. ಅದರಲ್ಲಿ ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ತಪಾಸಣೆ ಮಾಡುವುದರ ಜೊತೆಗೆ, ಕಾನೂನು ಪಾಲಿಸುವುದು ಹೇಗೆ ಅಂತ ಮಾಲೀಕರಿಗೂ ಕೆಲಸಗಾರರಿಗೂ ತಿಳಿಸಿಕೊಡುವುದು ಅವರ ಕೆಲಸ. ಇದೇನು ಹೊಸ ವಿಚಾರ ಅಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1947ರ ಒಪ್ಪಂದವೇ ಕಾರ್ಮಿಕ ಇನ್‌ಸ್ಪೆಕ್ಟರಿಗೆ ಈ ಎರಡೂ ಕೆಲಸ ಕೊಟ್ಟಿತ್ತು. ಭಾರತ ಅದಕ್ಕೆ 1949ರಲ್ಲೇ ಒಪ್ಪಿಗೆ ಕೊಟ್ಟಿದೆ. ಹೆಸರಿನಲ್ಲಿ ಕಾಣಿಸಿಕೊಂಡದ್ದು ಮಾತ್ರ ಈಗ.

ಕನ್ನಡದಲ್ಲಿ ಏನನ್ನೋಣ? ‘ನಿರೀಕ್ಷಕ’ ಅಂದರೆ ನೋಡುವವನು. ಆದರೆ ನಮ್ಮ ಆಡುಮಾತಿನಲ್ಲಿ ನಿರೀಕ್ಷೆ ಅಂದರೆ ಏನೋ ಸಿಗುತ್ತದೆ ಅಂತ ಕಾಯುವುದು. ಸೈಟಿನ ತಮಾಷೆ ನೀವೇ ಊಹಿಸಿಕೊಳ್ಳಿ. ‘ಸುಗಮಕಾರ’ ಅಂದರೆ ತರಬೇತಿ ಶಿಬಿರದವರಿಗೆ ಗೊತ್ತು, ಕಂಟ್ರಾಕ್ಟರಿಗೆ ಫೈಲು ಸುಗಮ ಮಾಡಿಸುವ ಬ್ರೋಕರ್ ನೆನಪಾಗುತ್ತಾನೆ. ‘ಅನುಕೂಲಕಾರ’ ಇನ್ನೂ ಕಷ್ಟ. “ಸ್ವಲ್ಪ ಅನುಕೂಲ ಮಾಡ್ಕೊಡಿ” ಅಂದರೆ ಏನು ಅಂತ ಯಾರಿಗೆ ಗೊತ್ತಿಲ್ಲ? ಸದ್ಯಕ್ಕೆ ನಾನು ‘ತಪಾಸಣೆ ಮತ್ತು ತಿಳುವಳಿಕೆ ಅಧಿಕಾರಿ’ ಅಂತ ಹಾಕಿದ್ದೇನೆ. ಉದ್ದ ಜಾಸ್ತಿಯಾಯಿತು, ಆದರೂ ವಾಸನೆ ಇಲ್ಲ.

ಇಷ್ಟು ಪದಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಎಲ್ಲವೂ ಇಬ್ಬರ ನಡುವಿನ ಮಾತುಗಳು. ಇನ್‌ಸ್ಪೆಕ್ಟರ್ ಮತ್ತು ಕಂಟ್ರಾಕ್ಟರ್ ಇಬ್ಬರೇ ಕೂತರೆ ಕನ್ನಡಕ್ಕೆ ಅನುಮಾನ ಬಂದೇ ಬರುತ್ತದೆ. ಮೂರನೆಯವರಾಗಿ ಕೆಲಸಗಾರರನ್ನು ವಾಕ್ಯದೊಳಗೆ ತಂದರೆ ಅದೇ ಪದ ಸರಿಹೋಗುತ್ತದೆ. ‘ಅಧಿಕಾರಿ, ಕಂಟ್ರಾಕ್ಟರು, ಕೆಲಸಗಾರರು ಮೂವರೂ ಕೂಡಿ ಸಾರುವೆ ನೋಡಿದರು’ ಅಂತ ಬರೆದು ಅದೇ ಮೇಸ್ತ್ರಿಗೆ ತೋರಿಸಿದೆ, ನಗಲಿಲ್ಲ. (ಸಾರುವೆ ಅಂದರೆ ಎತ್ತರದಲ್ಲಿ ನಿಂತು ಕೆಲಸ ಮಾಡುವುದಕ್ಕೆ ಕಂಬ, ಹಲಗೆ ಕಟ್ಟಿ ಮಾಡುವ ಅಟ್ಟಣೆ.) 1996ರ ಕಾಯ್ದೆಯೂ ಹೀಗೇ ಯೋಚಿಸಿತ್ತು ಅನ್ನಿಸುತ್ತದೆ. 500 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕೆಲಸಗಾರರ ಕಡೆಯವರು ಮಾಲೀಕರ ಕಡೆಯವರಿಗಿಂತ ಕಡಿಮೆ ಇರುವ ಹಾಗಿಲ್ಲ ಅಂದಿತ್ತು. ಹೊಸ ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಸುರಕ್ಷತಾ ಅಧಿಕಾರಿಯನ್ನು ಇಡುವ ಮಿತಿ 250 ಜನಕ್ಕೆ ಇಳಿದಿದೆ. ನಮ್ಮ ರಿಂಗ್ ರೋಡ್ ಪಕ್ಕದ ಮೂರು ಅಂತಸ್ತಿನ ಮನೆಗಳಿಗೆ ಇದ್ಯಾವುದೂ ತಾಗುವುದಿಲ್ಲ ಅನ್ನುವುದು ಬೇರೆ ಮಾತು. ಅದಕ್ಕೇ ಈ ಕೈಪಿಡಿ.

‘ಸಾರುವೆ’ ಅಂದೆನಲ್ಲ. ನಮ್ಮ ಕಡೆ ಬಾಯಲ್ಲಿ ‘ಸಾರ್ವೆ’. ‘ಸರ್ವೆ’ ಅಂತ ಅಚ್ಚಾದರೆ ಮರವೂ ಆಗುತ್ತದೆ, ಜಮೀನು ಅಳತೆಯೂ ಆಗುತ್ತದೆ. ಹಾಗಾಗಿ ‘ಸಾರುವೆ’ ಅಂತಲೇ ಉಳಿಸುತ್ತೇನೆ. ರಾಯಚೂರು, ಯಾದಗಿರಿಯಿಂದ ಬಂದವರೂ ಇಲ್ಲಿನ ಸೈಟುಗಳಲ್ಲಿ ಇದ್ದಾರೆ. ನಮ್ಮ ಗಾರೆಯವರು ಅವರಿಗೆ ಗೌಂಡಿ. ಸಾರುವೆಗೆ ಆ ಕಡೆ ಏನಂತಾರೆ, ಬಲ್ಲವರು ಹೇಳಿ.

ಇನ್ನೊಂದು ಮಾತನ್ನು ಕೈಪಿಡಿಯಿಂದ ಹೊರಗಿಟ್ಟಿದ್ದೇನೆ: ‘ಆಯತಪ್ಪಿ ಬಿದ್ದು’. ಕಟ್ಟಡದಿಂದ ಬಿದ್ದವರ ಸುದ್ದಿಯಲ್ಲಿ ಇದು ಬರದೇ ಇರುವುದು ಕಡಿಮೆ. ಆಯ ತಪ್ಪಿದ್ದು ಯಾರದು? ಬಿದ್ದವನದು. ಹಲಗೆಗೆ ಅಂಚುಗಂಬಿ ಇರಲಿಲ್ಲ, ಬೆಲ್ಟ್ ಕೊಟ್ಟಿರಲಿಲ್ಲ, ಕೊಟ್ಟರೂ ಕೊಕ್ಕೆ ಸಿಕ್ಕಿಸುವುದಕ್ಕೆ ಜಾಗ ಇರಲಿಲ್ಲ ಅನ್ನುವುದೆಲ್ಲ ಆ ಎರಡು ಪದದ ಹಿಂದೆ ಮರೆಯಾಗುತ್ತದೆ. ಅದರ ಬದಲು ‘ಕಂಬಿ ಇಲ್ಲದ ಹಲಗೆಯಿಂದ ಬಿದ್ದು’ ಅಂತ ನೇರವಾಗಿ ಬರೆದಿದ್ದೇನೆ. ಅಮೆರಿಕದ ಸುರಕ್ಷತಾ ಇಲಾಖೆ ಓಶಾ 2014ರಿಂದ ಬೀಳುವ ಅಪಾಯದ ಬಗ್ಗೆಯೇ ಒಂದು ವಾರ್ಷಿಕ ಕಾರ್ಯಕ್ರಮ ನಡೆಸುತ್ತಿದೆ. ಕಂಟ್ರಾಕ್ಟರು ತಾವಾಗಿ ಕೆಲಸ ನಿಲ್ಲಿಸಿ, ಜನರನ್ನು ಕೂರಿಸಿ, ಎಲ್ಲಿಂದ ಬೀಳಬಹುದು ಅಂತ ಮಾತಾಡುವುದು. ಅದಕ್ಕೆ ‘ಕೆಲಸ ತಡೆದು ಮಾತು’ ಅಂತ ಇಟ್ಟಿದ್ದೇನೆ. ಹೇಗಿದೆ?

ಕೊನೆಯ ಪ್ರಶ್ನೆಯೇ ನನಗೆ ಹೆಚ್ಚು ಬೇಕಾದದ್ದು. ಇಟ್ಟಿಗೆ ಮೇಲಿಂದ ಬಿತ್ತು, ಯಾರಿಗೂ ತಾಗಲಿಲ್ಲ. ಇಂಥದ್ದನ್ನು ಕಂಟ್ರಾಕ್ಟರು ಹೆದರದೆ ಬರೆದಿಟ್ಟು ಅಧಿಕಾರಿಗೆ ತೋರಿಸಿದರೆ ಮುಂದಿನ ಸಾವು ತಪ್ಪಬಹುದು. ಆದರೆ ಪುಸ್ತಕದಲ್ಲಿ ಆ ಕಾಲಮ್ಮಿಗೆ ಏನು ತಲೆಬರಹ? ಸೈಟಿನಲ್ಲಿ ‘ಜಸ್ಟ್ ಮಿಸ್ಸು’ ಅಂತಾರೆ. ಹಿರಿಯರು “ಚಾಮುಂಡಿ ತಾಯಿ ಕಾಪಾಡಿದಳು” ಅಂತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ‘ಕೂದಲೆಳೆಯಲ್ಲಿ ಪಾರು’ ಪೇಪರಿನ ಮಾತು. ‘ತಪ್ಪಿದ ಅಪಘಾತ’ ಅಂತ ಬರೆದರೆ ತಪ್ಪು ಯಾರದು ಅಂತ ಜಗಳ ಶುರುವಾಗುತ್ತದೆ. ಮೇಸ್ತ್ರಿ ಪೆನ್ನು ಹಿಡಿದು ಬರೆಯುವಂಥ, ಎರಡು ಪದ ಮೀರದ ಮಾತು ಬೇಕು. ಮಳವಳ್ಳಿ, ನಾಗಮಂಗಲ ಕಡೆಯ ಗಾರೆ ಕೆಲಸದವರ ಬಾಯಲ್ಲಿ ಏನಾದರೂ ಕೇಳಿದ್ದರೆ ಉಚ್ಚಾರ ಸಮೇತ ಬರೆಯಿರಿ. ಕರಡು ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.